ದೋಣಿ ಫೈಬರ್‌ನದು, ಕಾರು ಮಾತ್ರ ಯಾಕೆ ಉಕ್ಕಿನದು?

ಪ್ರಶ್ನೆ: ನಮ್ಮದು ಮಲ್ಪೆ ಹತ್ತಿರದ ಊರು. ಮನೆಯಲ್ಲಿ ಒಂದು ಫೈಬರ್ ದೋಣಿ ಇದೆ. 14 ವರ್ಷದಿಂದ ಉಪ್ಪುನೀರಲ್ಲೇ ಓಡಾಡುತ್ತಿದೆ, ತುಕ್ಕಿನ ಮಾತೇ ಇಲ್ಲ. ಎಂಟು ವರ್ಷದ ಕಾರಿನ ಅಡಿಭಾಗ ಮಾತ್ರ ಆಗಲೇ ತುಕ್ಕು ಹಿಡಿದು ಉದುರುತ್ತಿದೆ. ಈಗ ವಿಮಾನಗಳನ್ನೇ ಅರ್ಧಕ್ಕರ್ಧ ಫೈಬರ್‌ನಲ್ಲಿ ಮಾಡುತ್ತಾರಂತೆ. ಹಗುರ, ಗಟ್ಟಿ, ತುಕ್ಕೂ ಇಲ್ಲ ಅಂದಮೇಲೆ ಕಾರನ್ನು ಯಾಕೆ ಹಾಗೆ ಮಾಡುವುದಿಲ್ಲ? ಅಪಘಾತವಾದರೆ ಫೈಬರ್ ಪುಡಿಪುಡಿ ಆಗುತ್ತದೆ ಅನ್ನುತ್ತಾರೆ, ನಿಜವಾ? ಇನ್ನೊಂದು ವಿಷಯ. ದೋಣಿ ರಿಪೇರಿ ಮಾಡುವವರು ಕಾರಿನ ತುಕ್ಕು ಹಿಡಿದ ಜಾಗಕ್ಕೂ ಫೈಬರ್ ಮ್ಯಾಟ್ ಹಾಕಿ ಕೊಡುತ್ತೇವೆ ಅನ್ನುತ್ತಿದ್ದಾರೆ. ಹಾಕಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ. ಹಾಕಿಸಬೇಡಿ. ಈ ವಾರವೇ ಮಾಡಿಕೊಡುತ್ತೇವೆ ಅಂತ ಅವರು ಹೇಳಿದ್ದರೆ ಸ್ವಲ್ಪ ತಡೆಯಿರಿ, ಇದನ್ನು ಪೂರ್ತಿ ಓದಿ. ಕಾರಣ ಕೊನೆಯಲ್ಲಿದೆ. ಅದು ಸರಿಯಾಗಿ ಅರ್ಥವಾಗಬೇಕಾದರೆ ನಿಮ್ಮ ದೋಣಿಯ ಮೈ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ನೋಡಬೇಕು.

ನಮ್ಮಲ್ಲಿ ‘ಫೈಬರ್’ ಅನ್ನುವ ಮಾತು ತುಂಬ ಸಡಿಲ. ಸ್ಕೂಟರಿನ ಮುಂಭಾಗ ಫೈಬರ್, ಬಾತ್‌ರೂಮಿನ ಪಿವಿಸಿ ಬಾಗಿಲು ಫೈಬರ್, ಮದುವೆ ಮನೆಯ ಕುರ್ಚಿಯೂ ಫೈಬರ್. ಇವುಗಳಲ್ಲಿ ಹೆಚ್ಚಿನವು ಬರೀ ಪ್ಲಾಸ್ಟಿಕ್. ಒಳಗೆ ಒಂದೆಳೆ ನಾರೂ ಇರುವುದಿಲ್ಲ. ನಿಮ್ಮ ದೋಣಿಯದು ನಿಜವಾದ ಫೈಬರ್. ಅದನ್ನು ಮಾಡುವುದನ್ನು ನೀವು ನೋಡಿರುತ್ತೀರಿ. ಅಚ್ಚಿಗೆ ಮೊದಲು ಜೆಲ್‌ಕೋಟ್ ಬಳಿಯುತ್ತಾರೆ, ದೋಣಿಯ ನುಣುಪಾದ ಹೊರಪದರ ಅದೇ. ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸುತ್ತಾರೆ. ಹಾರ್ಡನರ್ ಬೆರೆಸಿದ ಪಾಲಿಯೆಸ್ಟರ್ ರೆಸಿನ್, ಅಂದರೆ ಆಮೇಲೆ ಗಟ್ಟಿಯಾಗುವ ಅಂಟುದ್ರವ, ಹಚ್ಚಿ, ರೋಲರಿನಿಂದ ಒತ್ತಿ ಒಳಗಿನ ಗಾಳಿ ಹೊರಗೆ ಹಾಕುತ್ತಾರೆ. ಮತ್ತೆ ಮ್ಯಾಟ್, ಮತ್ತೆ ರೆಸಿನ್. ಮೂಗಿಗೆ ಅಡರುತ್ತದಲ್ಲ, ಆ ವಾಸನೆ ಸ್ಟೈರೀನ್‌ನದು. ಈ ಜೋಡಿಯಲ್ಲಿ ಭಾರ ಹೊರುವುದು ನಾರು. ರೆಸಿನ್ ಆ ನಾರುಗಳನ್ನು ಜಾಗದಲ್ಲಿ ಹಿಡಿದಿಡುತ್ತದೆ, ಒಂದರಿಂದ ಇನ್ನೊಂದಕ್ಕೆ ಭಾರ ದಾಟಿಸುತ್ತದೆ, ನೀರು ತಾಗದಂತೆ ಕಾಯುತ್ತದೆ. ಹಳೆಯ ಮನೆಗಳ ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದರಲ್ಲ, ಅದೇ ಲೆಕ್ಕ.

ಇಲ್ಲಿ ಒಂದು ಗುಣವನ್ನು ಗಟ್ಟಿಯಾಗಿ ನೆನಪಿಡಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಾರು ಯಾವ ದಿಕ್ಕಿಗೆ ಮಲಗಿದೆಯೋ ಆ ದಿಕ್ಕಿಗೆ ಮಾತ್ರ ಅದರ ಬಲ. ಬಿದಿರನ್ನು ನೋಡಿ. ತುದಿಗೆ ಕತ್ತಿಯಿಂದ ಒಂದು ಏಟು ಹಾಕಿದರೆ ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಅದೇ ಬಿದಿರನ್ನು ಎರಡೂ ಕಡೆಯಿಂದ ಎಳೆದು ತುಂಡು ಮಾಡಲು ಯಾರಿಂದಲೂ ಆಗುವುದಿಲ್ಲ. ಕಾರ್ಬನ್ ಫೈಬರ್‌ನಲ್ಲೂ ಹೀಗೆಯೇ. ನಾರುಗಳನ್ನೆಲ್ಲ ಒಂದೇ ದಿಕ್ಕಿಗೆ ಜೋಡಿಸಿ ಎಪಾಕ್ಸಿ ರೆಸಿನ್‌ನಲ್ಲಿ ಕೂರಿಸಿದರೆ, ನಾರಿನ ಉದ್ದಕ್ಕೆ ಅದರ ಬಿಗಿತ ಸುಮಾರು 135 ಗಿಗಾಪಾಸ್ಕಲ್ ಇರುತ್ತದೆ. ಬಿಗಿತ ಅಂದರೆ ಭಾರ ಬಿದ್ದಾಗ ಹಿಗ್ಗದೆ ಬಾಗದೆ ನಿಲ್ಲುವ ಗುಣ, ಗಿಗಾಪಾಸ್ಕಲ್ ಅದರ ಅಳತೆ. ಅದೇ ಹಾಳೆಯನ್ನು ಅಡ್ಡಕ್ಕೆ ಎಳೆದರೆ 10 ಗಿಗಾಪಾಸ್ಕಲ್ ಸಿಕ್ಕರೆ ಹೆಚ್ಚು. ಉಕ್ಕಿಗೆ ಈ ತೊಂದರೆ ಇಲ್ಲ. ಯಾವ ಕಡೆಯಿಂದ ಎಳೆದರೂ ಸುಮಾರು 210.

ಕಾರಿನ ಮೈ ಮೇಲೆ ಒಂದೇ ಕಡೆಯಿಂದ ಭಾರ ಬರುವುದಿಲ್ಲ. ಗುಂಡಿಗೆ ಇಳಿದಾಗ ತಿರುಚುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳುತ್ತದೆ, ಪಕ್ಕದಿಂದ ಲಾರಿ ಬಂದು ಗುದ್ದಲೂಬಹುದು. ಹಾಗಾಗಿ ನಾರಿನ ಪದರಗಳನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಎಲ್ಲ ದಿಕ್ಕಿಗೂ ಹಾಸಬೇಕು. ಹಾಗೆ ಹಾಸಿದ ಕೂಡಲೇ ಆ 135 ಇಳಿದು 45ರ ಆಸುಪಾಸಿಗೆ ಬರುತ್ತದೆ. ಜಾಹೀರಾತುಗಳಲ್ಲಿ ‘ಉಕ್ಕಿಗಿಂತ ಐದು ಪಟ್ಟು ಗಟ್ಟಿ’ ಅಂತ ಓದಿದಾಗ ಯಾವ ದಿಕ್ಕಿಗೆ ಅಂತ ಕೇಳಬೇಕು.

ಆದರೂ ಇದು ಹಗುರವೇ. ಒಂದು ಲೆಕ್ಕ ಮಾಡೋಣ. ಕಾರಿನ ಬಾನೆಟ್‌ನಂಥ ಚಪ್ಪಟೆ ಹಾಳೆ ತೆಗೆದುಕೊಳ್ಳಿ. ಹಾಳೆ ಎರಡು ಪಟ್ಟು ದಪ್ಪವಾದರೆ ಬಾಗುವುದಕ್ಕೆ ಅದರ ಬಿಗಿತ ಎಂಟು ಪಟ್ಟು ಆಗುತ್ತದೆ. ಅಂದರೆ ಬಿಗಿತ ಕಡಿಮೆ ಇರುವ ವಸ್ತುವನ್ನು ಸ್ವಲ್ಪ ದಪ್ಪ ಮಾಡಿದರೂ ಸಾಕು, ಅದು ಉಕ್ಕಿನ ಸಮಕ್ಕೆ ಬರುತ್ತದೆ. 0.8 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ ಒಂದು ಚದರ ಮೀಟರಿಗೆ ಸುಮಾರು 6.3 ಕಿಲೋ ತೂಗುತ್ತದೆ. ಅಷ್ಟೇ ಬಿಗಿತಕ್ಕೆ ಪ್ರೆಸ್‌ನಲ್ಲಿ ಒತ್ತಿದ ಗ್ಲಾಸ್ ಫೈಬರ್ 2.1 ಮಿಲಿಮೀಟರ್ ದಪ್ಪ ಬೇಕು, ತೂಕ ಸುಮಾರು 4 ಕಿಲೋ. ಅಲ್ಯೂಮಿನಿಯಂ ಆದರೆ 1.15 ಮಿಲಿಮೀಟರ್, 3.1 ಕಿಲೋ. ಎಲ್ಲ ದಿಕ್ಕಿಗೂ ಹಾಸಿದ ಕಾರ್ಬನ್ ಫೈಬರ್ ಆದರೆ 1.35 ಮಿಲಿಮೀಟರ್, ಬರೀ 2.1 ಕಿಲೋ.

ಈ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ನಿಮ್ಮ ದೋಣಿಯ ಗ್ಲಾಸ್ ಫೈಬರ್, ಅದೂ ಒಳ್ಳೆಯ ಪ್ರೆಸ್‌ನಲ್ಲಿ ಒತ್ತಿದ್ದು, ಅಲ್ಯೂಮಿನಿಯಂಗಿಂತ ಭಾರ! ಬಾನೆಟ್ ಹಗುರ ಮಾಡಬೇಕು ಅಂತ ಹೊರಟ ಕಂಪನಿಗೆ ಅಲ್ಯೂಮಿನಿಯಂ ಹಾಳೆಯಲ್ಲೇ ಅರ್ಧ ತೂಕ ಇಳಿಯುತ್ತದೆ. ಅದನ್ನು ಉಕ್ಕಿನ ಹಾಗೆಯೇ ಪ್ರೆಸ್‌ನಲ್ಲಿ ಹೊಡೆಯಬಹುದು, ಗುಜರಿಗೆ ಹಾಕಿದರೆ ಒಳ್ಳೆ ಬೆಲೆಯೂ ಬರುತ್ತದೆ. ಫೈಬರ್‌ಗೆ ಪೈಪೋಟಿ ಕೊಡುತ್ತಿರುವುದು ಹಳೆಯ ಉಕ್ಕು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಯೂಮಿನಿಯಂ ಇದೆ, ಉಕ್ಕು ಕೂಡ ಸುಮ್ಮನೆ ಕೂತಿಲ್ಲ. ಬಾಗಿಲ ಪಕ್ಕದ ಕಂಬಗಳಿಗೆ ಈಗ ಬೋರಾನ್ ಬೆರೆಸಿದ ಉಕ್ಕನ್ನು ಕೆಂಪಗೆ ಕಾಯಿಸಿ, ಅಚ್ಚಿನಲ್ಲೇ ಒತ್ತಿ ತಣಿಸುತ್ತಾರೆ. ಅದರ ಬಲ 1,500 ಮೆಗಾಪಾಸ್ಕಲ್‌ವರೆಗೆ ಹೋಗುತ್ತದೆ. ಸಾಮಾನ್ಯ ಉಕ್ಕಿನ ಹಾಳೆಗಿಂತ ನಾಲ್ಕೈದು ಪಟ್ಟು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ದೋಣಿಗೆ ಆಗುವುದು ಕಾರಿಗೆ ಯಾಕೆ ಆಗುವುದಿಲ್ಲ? ನನ್ನ ಪ್ರಕಾರ ಇದನ್ನು ನಿರ್ಧರಿಸುವುದು ಗಡಿಯಾರ. ದೊಡ್ಡ ಕಾರ್ಖಾನೆಯಲ್ಲಿ ಹೆಚ್ಚು ಕಡಿಮೆ ನಿಮಿಷಕ್ಕೊಂದು ಕಾರು ಹೊರಗೆ ಬರುತ್ತದೆ. ಉಕ್ಕಿನ ಹಾಳೆಯಿಂದ ಒಂದು ಬಾಗಿಲಿನ ಹೊರಮೈ ಹೊಡೆಯಲು ಕೆಲವೇ ಸೆಕೆಂಡು ಸಾಕು. ನಿಮ್ಮ ದೋಣಿ ಅಚ್ಚಿನಿಂದ ಎದ್ದು ಬರಲು ಎಷ್ಟು ದಿನ ಹಿಡಿಯಿತು? ರೆಸಿನ್ ಅನ್ನುವುದು ಅನ್ನ ಬೇಯುವ ಹಾಗೆ. ಅದಕ್ಕೆ ಅದರದ್ದೇ ಹೊತ್ತು ಬೇಕು. ಬಿಸಿ ಹೆಚ್ಚು ಮಾಡಿ ಅವಸರಪಡಿಸಬಹುದು, ಆದರೆ ಒಂದು ಮಿತಿಯವರೆಗೆ ಮಾತ್ರ.

ವಿಮಾನದವರಿಗೆ ಈ ಗಡಿಯಾರದ ಕಾಟ ಇಲ್ಲ. ಬೋಯಿಂಗ್ 787ರ ರಚನೆಯ ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್, ಅಂದರೆ ನಾರು ರೆಸಿನ್ ಸೇರಿದ ಇದೇ ಜೋಡಿ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ತೇಜಸ್ ಯುದ್ಧವಿಮಾನದಲ್ಲಿ ನೂರಕ್ಕೆ 45 ಭಾಗ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ನಾವೆಲ್ಲ ಎನ್‌ಎಎಲ್ ಅನ್ನುವ ಸಂಸ್ಥೆ, ತೇಜಸ್‌ನ ಬಾಲದ ರೆಕ್ಕೆಗೆ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಒಳಗಿನ ಪಟ್ಟಿಗಳನ್ನೂ ಹೊರಗಿನ ಹಾಳೆಯನ್ನೂ ಬೇರೆ ಬೇರೆ ಮಾಡಿ ರಿವೆಟ್ ಹೊಡೆಯುವ ಬದಲು, ಎಲ್ಲವನ್ನೂ ಹಸಿಯಾಗಿದ್ದಾಗಲೇ ಜೋಡಿಸಿ ಒಟ್ಟಿಗೆ ಬೇಯಿಸುತ್ತಾರೆ. ಸಾವಿರಾರು ರಿವೆಟ್ ತೂತುಗಳು ತಪ್ಪುತ್ತವೆ. ಆದರೆ ಬೇಯಿಸುವುದು ಆಟೊಕ್ಲೇವ್‌ನಲ್ಲಿ. ಪ್ರೆಷರ್ ಕುಕ್ಕರಿನ ಅಣ್ಣ ಅನ್ನಿ, ಒಳಗೆ ಜನ ನಡೆದಾಡುವಷ್ಟು ದೊಡ್ಡದು. ಒಂದು ಸಲ ಬೇಯಲು ಗಂಟೆಗಟ್ಟಲೆ ಬೇಕು. ವರ್ಷಕ್ಕೆ ಕೆಲವೇ ವಿಮಾನ ಮಾಡುವವರಿಗೆ ಅದು ಸರಿ. ದಿನಕ್ಕೆ ಸಾವಿರ ಕಾರು ಮಾಡುವವರಿಗೆ ಅಂಥ ಎಷ್ಟು ಕುಕ್ಕರ್ ಬೇಕಾದೀತು, ಯೋಚಿಸಿ.

ಆಮೇಲೆ ದುಡ್ಡು. ಕಾರಿನ ತೂಕ ನೂರಕ್ಕೆ 10 ಇಳಿದರೆ ಇಂಧನದ ಉಳಿತಾಯ ನೂರಕ್ಕೆ 6ರಿಂದ 8 ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂದಾಜು. 1,000 ಕಿಲೋ ಕಾರನ್ನು 900ಕ್ಕೆ ಇಳಿಸಿದೆವು ಅಂದುಕೊಳ್ಳಿ. ಲೀಟರಿಗೆ 20 ಕಿಲೋಮೀಟರ್ ಕೊಡುತ್ತಿದ್ದದ್ದು 21.4 ಕೊಡುತ್ತದೆ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ ಉಳಿಯುವುದು 33 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಹಿಡಿದರೆ 3,300 ರೂಪಾಯಿ. ಈಗ ಆ 100 ಕಿಲೋ ಇಳಿಸಲು ಏನು ಬೇಕು ನೋಡಿ. 165 ಕಿಲೋ ಉಕ್ಕು ತೆಗೆದು 65 ಕಿಲೋ ಕಾರ್ಬನ್ ಕಾಂಪೋಸಿಟ್ ಹಾಕಬೇಕು. ಅದರಲ್ಲಿ ನಾರು ಸುಮಾರು 40 ಕಿಲೋ. ಕಾರ್ಬನ್ ನಾರಿಗೆ ಕಿಲೋಗೆ 1,500 ರೂಪಾಯಿ ಅಂತ ಸ್ವಲ್ಪ ಕಡಿಮೆಯೇ ಹಿಡಿದರೂ 60,000 ರೂಪಾಯಿ ಆಯಿತು. ರೆಸಿನ್, ಅಚ್ಚು, ಕೂಲಿ, ಹಾಳಾಗುವ ತುಂಡು ಎಲ್ಲ ಬೇರೆ. ತೆಗೆದುಹಾಕಿದ ಉಕ್ಕಿನ ಬೆಲೆ 12,000ದ ಆಸುಪಾಸು. ಬರೀ ನಾರಿನ ಖರ್ಚು ಹುಟ್ಟಬೇಕಾದರೇ 14 ವರ್ಷ ಓಡಿಸಬೇಕು. ಮಧ್ಯಮವರ್ಗದ ಮನೆಯ ಕಾರಿಗೆ ಈ ಲೆಕ್ಕ ಕೂಡುವುದಿಲ್ಲ.

ನಾರಿಗೆ ಯಾಕೆ ಅಷ್ಟು ಬೆಲೆ? ಅದು ಸ್ವೆಟರ್‌ಗೆ ಬಳಸುವ ಅಕ್ರಿಲಿಕ್ ನೂಲಿನ ಹತ್ತಿರದ ಸಂಬಂಧಿಯಿಂದ ಶುರುವಾಗುತ್ತದೆ. ಮೊದಲು 200ರಿಂದ 300 ಡಿಗ್ರಿಯಲ್ಲಿ ಗಾಳಿಯಲ್ಲೇ ನಿಧಾನವಾಗಿ ಹದ ಮಾಡುತ್ತಾರೆ. ಆಮೇಲೆ ಆಮ್ಲಜನಕ ಇಲ್ಲದ ಕುಲುಮೆಯಲ್ಲಿ 1,000 ಡಿಗ್ರಿ ದಾಟಿಸುತ್ತಾರೆ. ಕಾರ್ಬನ್ ಬಿಟ್ಟು ಉಳಿದದ್ದು ಹೆಚ್ಚಿನದೆಲ್ಲ ಹೊಗೆಯಾಗಿ ಹೋಗುತ್ತದೆ. ಎರಡು ಕಿಲೋ ನೂಲು ಹಾಕಿದರೆ ಒಂದು ಕಿಲೋ ಕೈಗೆ ಬರುತ್ತದೆ. ಕರೆಂಟು ನೀರಿನಂತೆ ಖರ್ಚು.

ಇಷ್ಟೆಲ್ಲ ಗೊತ್ತಿದ್ದೂ ಒಂದು ಕಂಪನಿ ಧೈರ್ಯ ಮಾಡಿತು. ಆ ಕಥೆ ಹೇಳದೆ ಇರಲು ನನಗೆ ಮನಸ್ಸಿಲ್ಲ. ಬಿಎಂಡಬ್ಲ್ಯು 2013ರಲ್ಲಿ ಐ3 ಅನ್ನುವ ಎಲೆಕ್ಟ್ರಿಕ್ ಕಾರು ತಂದಿತು. ಜನ ಕೂರುವ ಇಡೀ ಗೂಡು ಕಾರ್ಬನ್ ಫೈಬರ್‌ನದು, ಕೆಳಗೆ ಬ್ಯಾಟರಿ ಹೊರುವ ಚೌಕಟ್ಟು ಅಲ್ಯೂಮಿನಿಯಂನದು. ನೂಲು ಜಪಾನಿನಿಂದ ಬರುತ್ತಿತ್ತು. ಅದನ್ನು ಕಾರ್ಬನ್ ಮಾಡುತ್ತಿದ್ದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸಸ್ ಲೇಕ್‌ನಲ್ಲಿ. ಯಾಕೆ ಅಷ್ಟು ದೂರ ಅಂದರೆ ಅಲ್ಲಿ ಜಲವಿದ್ಯುತ್ ಅಗ್ಗ. ಅಲ್ಲಿಂದ ನಾರು ಜರ್ಮನಿಯ ವಾಕರ್ಸ್‌ಡೋರ್ಫ್‌ಗೆ ಹೋಗಿ ಬಟ್ಟೆಯಾಗುತ್ತಿತ್ತು. ಕಾರು ಜೋಡಣೆ ಲೈಪ್‌ಜಿಗ್‌ನಲ್ಲಿ. ಒಣ ಬಟ್ಟೆಯನ್ನು ಅಚ್ಚಿನ ಆಕಾರಕ್ಕೆ ಕತ್ತರಿಸಿ ಕೂರಿಸಿ, ಅಚ್ಚು ಮುಚ್ಚಿ, ಹೆಚ್ಚು ಒತ್ತಡದಲ್ಲಿ ರೆಸಿನ್ ನುಗ್ಗಿಸುತ್ತಿದ್ದರು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಬ್ಯಾಟರಿ ಸೇರಿ ಕಾರಿನ ತೂಕ 1,200 ಕಿಲೋ ಆಸುಪಾಸು. ಎಲೆಕ್ಟ್ರಿಕ್ ಕಾರಿಗೆ ಅದು ನಿಜಕ್ಕೂ ಕಡಿಮೆ.

2022ರಲ್ಲಿ ಅದು ನಿಂತಾಗ ಸುಮಾರು ಎರಡೂವರೆ ಲಕ್ಷ ಕಾರು ತಯಾರಾಗಿದ್ದವು. ಸೋಲು ಅಂತ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾರ್ಬನ್ ಗೂಡನ್ನು ಲಕ್ಷಗಟ್ಟಲೆ ಮಾಡಬಹುದು ಅಂತ ಮೊದಲ ಬಾರಿ ತೋರಿಸಿದ್ದು ಅವರೇ. ಆದರೆ ಅವರೇ ಕಲಿತ ಪಾಠವೂ ದೊಡ್ಡದು. 2015ರ 7 ಸೀರೀಸ್‌ನಲ್ಲಿ ಇಡೀ ಗೂಡಿಗೆ ಕಾರ್ಬನ್ ಹಾಕಲಿಲ್ಲ. ಉಕ್ಕು, ಅಲ್ಯೂಮಿನಿಯಂ ಮೈಯಲ್ಲಿ ಛಾವಣಿಯ ಅಂಚು, ಕಂಬ, ಕಾರಿನ ನೆಲದ ನಡುವೆ ಉದ್ದಕ್ಕೆ ಉಬ್ಬಿರುವ ಸುರಂಗ, ಹೀಗೆ ಎಲ್ಲಿ ಭಾರ ಒಂದು ದಾರಿಯಲ್ಲಿ ಹರಿಯುತ್ತದೋ ಅಲ್ಲಿ ಮಾತ್ರ ಕಾರ್ಬನ್ ಪಟ್ಟಿ ಸೇರಿಸಿದರು. ಹಿಂದಿನ ಮಾದರಿಗಿಂತ 130 ಕಿಲೋವರೆಗೆ ಕಡಿಮೆ ಆಯಿತು. ಬಿದಿರಿನ ಗುಣ ಇರುವ ವಸ್ತುವನ್ನು ಬಿದಿರಿನಂತೆಯೇ ಬಳಸಿದರು.

ಇದನ್ನು ಮರೆತರೆ ಏನಾಗುತ್ತದೆ ಅಂತ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಂಡಿದ್ದೇನೆ. ಬಸ್ ಮೈ ಕಟ್ಟುವ ಒಂದು ಜಾಗದಲ್ಲಿ ಉಕ್ಕಿನ ಎಲ್ ಆಕಾರದ ಬ್ರಾಕೆಟ್ ಇತ್ತು. ಹಗುರ ಮಾಡಬೇಕು ಅಂತ ಅದೇ ಆಕಾರವನ್ನು, ಅದೇ ಮೂಲೆಯನ್ನು, ಅದೇ ಬೋಲ್ಟ್ ತೂತುಗಳನ್ನು ಗ್ಲಾಸ್ ಫೈಬರ್‌ನಲ್ಲಿ ಮಾಡಿದರು. ಎಳೆದು ನೋಡಿದಾಗ ಬಲ ಸಾಕಷ್ಟಿತ್ತು. ಬಸ್ಸು ಓಡಾಡಿದ ಕೆಲವೇ ವಾರದಲ್ಲಿ ಮೂಲೆ ಬಿಟ್ಟುಕೊಂಡಿತು. ಎಲ್ ಬಿಚ್ಚಿಕೊಳ್ಳಲು ನೋಡಿದಾಗ ಮೂಲೆಯಲ್ಲಿ ಪದರ ಪದರಗಳನ್ನು ಬೇರೆ ಮಾಡುವ ಎಳೆತ ಹುಟ್ಟುತ್ತದೆ. ಆ ದಿಕ್ಕಿಗೆ ಒಂದೇ ಒಂದು ನಾರು ಇರಲಿಲ್ಲ. ಬರೀ ರೆಸಿನ್ ಹಿಡಿದುಕೊಂಡಿತ್ತು. ಬೋಲ್ಟ್ ತೂತಿನ ಸುತ್ತಲೂ ಬಿರುಕು. ಉಕ್ಕಿನ ಚಿತ್ರ ಇಟ್ಟುಕೊಂಡು ಫೈಬರ್ ಭಾಗ ಮಾಡಬಾರದು. ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಗೆರೆ ಎಳೆದು, ಆ ಗೆರೆಯ ಮೇಲೆ ನಾರು ಹಾಸಬೇಕು.

ಭಾರತದಲ್ಲಿ ಫೈಬರ್ ಮೈಯ ಕಾರು ಬರಲೇ ಇಲ್ಲ ಅಂತಲ್ಲ. ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್ ನೆನಪಿದೆಯಾ? ನಿಮ್ಮ ಮನೆಯ ಹಿರಿಯರನ್ನು ಕೇಳಿ. 1980ರ ದಶಕದ ಶುರುವಿನಲ್ಲಿ ಬಂದ ಪುಟ್ಟ ಎರಡು ಬಾಗಿಲಿನ ಕಾರು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಕೆಳಗೆ ಉಕ್ಕಿನ ಷಾಸಿ, ಮೇಲೆ ಗ್ಲಾಸ್ ಫೈಬರ್ ಮೈ. ಭಾರವನ್ನೆಲ್ಲ ಷಾಸಿ ಹೊರುತ್ತಿತ್ತು, ಮೈ ಬರೀ ಹೊದಿಕೆ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದರ ಉಕ್ಕಿನ ಮೈಯೇ ಷಾಸಿ. ದೊಡ್ಡ ಪ್ರೆಸ್‌ಗಳಲ್ಲಿ ಒತ್ತಿ, ಬೆಸುಗೆ ಹಾಕಿ, ರಾಶಿ ರಾಶಿಯಾಗಿ ಮಾಡಿದರು. ಡಾಲ್ಫಿನ್ ಹಿಂದೆ ಬೀಳಲು ಬೇರೆ ಕಾರಣಗಳೂ ಇದ್ದವು, ಆದರೆ ಗಡಿಯಾರದ ಓಟದಲ್ಲಿ ಅದು ಗೆಲ್ಲುವುದು ಸಾಧ್ಯವೇ ಇರಲಿಲ್ಲ. 2001ರಲ್ಲಿ ಬೆಂಗಳೂರಿನಿಂದಲೇ ಬಂದ ರೇವಾವನ್ನೂ ಜನ ಫೈಬರ್ ಕಾರು ಅನ್ನುತ್ತಿದ್ದರು. ಅದು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಹೊದಿಸಿದ ಎಬಿಎಸ್ ಪ್ಲಾಸ್ಟಿಕ್.

ಈಗ ಅಪಘಾತದ ಪ್ರಶ್ನೆ. ಪುಡಿಯಾಗುತ್ತದೆ ಅನ್ನುವುದು ನಿಜ. ಸರಿಯಾಗಿ ಮಾಡಿದ ಭಾಗದಲ್ಲಿ ಆ ಪುಡಿಯಾಗುವುದೇ ಜೀವ ಉಳಿಸುವುದು. ಗುದ್ದಿದಾಗ ಕಾರಿನ ವೇಗದಲ್ಲಿರುವ ಶಕ್ತಿ ಎಲ್ಲಾದರೂ ಖರ್ಚಾಗಬೇಕು, ಅಲ್ವಾ? ಉಕ್ಕಿನ ಕೊಳವೆ ಅದನ್ನು ಮಡಚಿಕೊಂಡು ಖರ್ಚು ಮಾಡುತ್ತದೆ. ಕಾರ್ಬನ್ ಕೊಳವೆ ಮುಂದಿನ ತುದಿಯಿಂದ ಒಂದೊಂದೇ ಮಿಲಿಮೀಟರ್ ನುಚ್ಚಾಗುತ್ತ ಹಿಂದೆ ಬರುತ್ತದೆ. ಲಕ್ಷಾಂತರ ನಾರುಗಳು ಮುರಿಯಬೇಕು, ಪದರಗಳು ಬಿಡಬೇಕು, ಎಲ್ಲಕ್ಕೂ ಶಕ್ತಿ ಬೇಕು. ಒಂದು ಕಿಲೋ ಉಕ್ಕಿನ ಕೊಳವೆ ನುಂಗುವ ಶಕ್ತಿಯ ಎರಡು ಮೂರು ಪಟ್ಟನ್ನು ಒಂದು ಕಿಲೋ ಕಾರ್ಬನ್ ಕೊಳವೆ ನುಂಗಬಲ್ಲದು. 1981ರಲ್ಲಿ ಮೆಕ್‌ಲಾರೆನ್ ತಂಡ ಜಾನ್ ಬರ್ನಾರ್ಡ್ ರೂಪಿಸಿದ ಎಂಪಿ4/1 ರೇಸ್ ಕಾರನ್ನು ಟ್ರ್ಯಾಕಿಗೆ ಇಳಿಸಿತು. ಫಾರ್ಮುಲಾ ಒನ್‌ನಲ್ಲಿ ಪೂರ್ತಿ ಕಾರ್ಬನ್ ಗೂಡಿನ ಮೊದಲ ಕಾರು ಅದು. ಗುದ್ದಿದರೆ ಒಡೆದು ಹೋಗುತ್ತದೆ ಅಂತ ಆಗಲೂ ಅನುಮಾನ ಇತ್ತು. ಅದೇ ವರ್ಷ ಇಟಲಿಯ ಮೊಂಝಾದಲ್ಲಿ ಜಾನ್ ವಾಟ್ಸನ್ ಭಾರಿ ವೇಗದಲ್ಲಿ ಅಂಚಿನ ತಡೆಗೆ ಗುದ್ದಿದರು. ಎಂಜಿನ್ ಕಿತ್ತು ಬೇರೆಯಾಯಿತು. ಅವರು ಎದ್ದು ನಡೆದು ಬಂದರು. ಆಮೇಲೆ ಎಲ್ಲ ತಂಡಗಳೂ ಅದೇ ದಾರಿ ಹಿಡಿದವು.

ಆದರೆ ಇಲ್ಲಿ ‘ಸರಿಯಾಗಿ ಮಾಡಿದ’ ಅನ್ನುವ ಮಾತನ್ನು ಬಿಡಬೇಡಿ. ಕೊಳವೆಯ ಮುಂದಿನ ಅಂಚನ್ನು ಓರೆಯಾಗಿ ಕೆತ್ತಿದ್ದರೆ ನುಚ್ಚಾಗುವುದು ಅಲ್ಲಿಂದಲೇ ಶುರುವಾಗಿ ಸಮನಾಗಿ ಮುಂದುವರಿಯುತ್ತದೆ. ಹಾಗೆ ಮಾಡದಿದ್ದರೆ ನಡುವಲ್ಲೇ ಪಟ್ಟನೆ ಮುರಿದು ಬಿಡಬಹುದು. ಆಗ ಶಕ್ತಿ ನುಂಗುವುದು ಬಹಳ ಕಡಿಮೆ. ಉಕ್ಕು ಮುರಿಯುವ ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ. ಕಾರ್ಬನ್ ಕೊಡುವುದಿಲ್ಲ. ಸುಮ್ನೆ ಮ್ಯಾಟ್ ಹಾಸಿ ಮಾಡಿದ ಮೈಯನ್ನು ರೇಸ್ ಕಾರಿನ ಗೂಡಿಗೆ ಹೋಲಿಸಿ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ರಿಪೇರಿಯೂ ಒಂದು ತಲೆನೋವು. ಉಕ್ಕಿಗೆ ಏಟು ಬಿದ್ದರೆ ಡೆಂಟ್ ಕಾಣುತ್ತದೆ, ಟಿಂಕರಿಂಗ್ ಮಾಡುವವರು ತಟ್ಟಿ ಸರಿಮಾಡುತ್ತಾರೆ. ಕಾರ್ಬನ್ ಹಾಳೆಗೆ ಏಟು ಬಿದ್ದರೆ ಹೊರಗೆ ಗೀರೂ ಇಲ್ಲದೆ ಒಳಗೆ ಪದರ ಬಿಟ್ಟಿರಬಹುದು. ಅದನ್ನು ಕಂಡುಹಿಡಿಯಲು ದೊಡ್ಡ ಯಂತ್ರಗಳಿವೆ. ಹಾಗಿದ್ದೂ ಇವತ್ತಿಗೂ ಈ ಕೆಲಸದವರು ಮೊದಲು ಮಾಡುವುದು ನಾಣ್ಯದಿಂದ ತಟ್ಟಿ ನೋಡುವುದು. ಹಲಸಿನ ಹಣ್ಣು ತಟ್ಟಿ ನೋಡುತ್ತೀರಲ್ಲ, ಹಾಗೇ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಡೊಬ್ ಅನ್ನುತ್ತದೆ. ನಿಮ್ಮ ದೋಣಿ ಬಂಡೆಗೋ ದಕ್ಕೆಯ ಕಲ್ಲಿಗೋ ತಾಗಿದರೆ ನೀವೂ ಮಾಡಿ ನೋಡಬಹುದು.

ಇನ್ನೊಂದು ಮಾತು ಮನಸ್ಸಿಗೆ ಚುಚ್ಚುತ್ತದೆ. ಹಳೆಯ ಕಾರನ್ನು ಗುಜರಿಯವರು ಬಂದು ದುಡ್ಡು ಕೊಟ್ಟು ಒಯ್ಯುತ್ತಾರೆ. ಹಳೆಯ ಫೈಬರ್ ದೋಣಿಯನ್ನು ಯಾರಾದರೂ ಕೊಳ್ಳುತ್ತಾರಾ? ದಡದಲ್ಲಿ ಒಡೆದು ಬಿದ್ದಿರುತ್ತದೆ. ಪಾಲಿಯೆಸ್ಟರ್ ಆಗಲಿ ಎಪಾಕ್ಸಿ ಆಗಲಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಕಾರ್ಬನ್ ಆದರೆ ರೆಸಿನ್ ಸುಟ್ಟು ನಾರು ಮರಳಿ ಪಡೆಯಬಹುದು, ನಾರಿಗೆ ಬೆಲೆ ಇರುವುದರಿಂದ ಆ ಖರ್ಚು ಸ್ವಲ್ಪ ಹುಟ್ಟುತ್ತದೆ. ಗಾಜಿನ ನಾರು ಹೊಸದೇ ಅಗ್ಗ, ಹಳೆಯದನ್ನು ಯಾರು ಕೇಳುತ್ತಾರೆ? ಲಕ್ಷಾಂತರ ಕಾರುಗಳನ್ನು ಈ ವಸ್ತುವಿನಲ್ಲಿ ಮಾಡುವ ಮೊದಲು ಇದಕ್ಕೊಂದು ದಾರಿ ಸಿಗಲೇಬೇಕು ಅಂತ ನಾನು ಬಲವಾಗಿ ನಂಬಿದ್ದೇನೆ.

ಹಾಗಾದರೆ ನಿಮ್ಮ ಕಾರಿನಲ್ಲಿ ಫೈಬರ್ ಇಲ್ಲವೇ ಇಲ್ಲವಾ? ಇದೆ, ಕಣ್ಣಿಗೆ ಬೀಳುವುದಿಲ್ಲ. ಬಾನೆಟ್ ಎತ್ತಿ ನೋಡಿ. ರೇಡಿಯೇಟರಿನ ಪಕ್ಕದ ಕಪ್ಪು ತೊಟ್ಟಿ, ಎಂಜಿನ್ನಿಗೆ ಗಾಳಿ ಒಯ್ಯುವ ಕವಲುಕೊಳವೆ ಇವುಗಳ ಮೇಲೆ ಸಣ್ಣ ಅಕ್ಷರದಲ್ಲಿ ‘ಪಿಎ66-ಜಿಎಫ್30’ ಅನ್ನುವಂಥ ಗುರುತು ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿಸಿರುತ್ತಾರೆ. ಪಿಎ66 ಅಂದರೆ ಒಂದು ಬಗೆಯ ನೈಲಾನ್. ಜಿಎಫ್ ಅಂದರೆ ಗಾಜಿನ ನಾರು, 30 ಅಂದರೆ ತೂಕದಲ್ಲಿ ನೂರಕ್ಕೆ 30 ಭಾಗ. ತುಂಡು ನಾರು ಬೆರೆಸಿದ ಈ ನೈಲಾನನ್ನು ಕರಗಿಸಿ ಅಚ್ಚಿಗೆ ಚುಚ್ಚುತ್ತಾರೆ, ಒಂದು ನಿಮಿಷದೊಳಗೆ ಭಾಗ ತಯಾರು. ಬೇಕಾದರೆ ಮತ್ತೆ ಕರಗಿಸಲೂಬಹುದು. ಗಡಿಯಾರಕ್ಕೆ ಹೊಂದಿದ್ದರಿಂದಲೇ ಇದು ಎಲ್ಲ ಕಾರಿಗೂ ಬಂದಿದೆ. ಕೆಲವು ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ಪೆಟ್ಟಿಗೆಯ ಮುಚ್ಚಳಕ್ಕೆ ಗಾಜಿನ ನಾರು ಬೆರೆತ ರೆಸಿನ್ ಹಾಳೆಯನ್ನು ಬಿಸಿ ಪ್ರೆಸ್‌ನಲ್ಲಿ ಎರಡು ಮೂರು ನಿಮಿಷ ಒತ್ತಿ ಮಾಡುತ್ತಾರೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಲೀಫ್ ಸ್ಪ್ರಿಂಗ್. ಲಾರಿಯ ಕೆಳಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಇರುತ್ತವಲ್ಲ, ಅದು. ಅಮೆರಿಕದ ಶೆವರ್ಲೆ ಕಾರ್ವೆಟ್ 1953ರಿಂದಲೇ ಗ್ಲಾಸ್ ಫೈಬರ್ ಮೈಯ ಕಾರು. 1981ರಲ್ಲಿ ಅವರು ಹಿಂದಿನ ಉಕ್ಕಿನ ಪಟ್ಟಿಗಳ ಕಟ್ಟನ್ನು ತೆಗೆದು ಒಂದೇ ಗ್ಲಾಸ್ ಫೈಬರ್ ಪಟ್ಟಿ ಹಾಕಿದರು. 18 ಕಿಲೋ ದಾಟಿದ್ದ ತೂಕ 4 ಕಿಲೋದೊಳಗೆ ಇಳಿಯಿತು. ಯಾಕೆ ಇಲ್ಲಿ ಅಷ್ಟು ಲಾಭ ಅಂದರೆ, ಪಟ್ಟಿಗೆ ಭಾರ ಬರುವುದು ಒಂದೇ ರೀತಿಯಲ್ಲಿ. ಮೇಲೆ ಕೆಳಗೆ ಬಾಗುವುದಷ್ಟೇ ಅದರ ಕೆಲಸ. ನಾರುಗಳನ್ನೆಲ್ಲ ಉದ್ದಕ್ಕೆ ಮಲಗಿಸಿದರೆ ಒಂದೆಳೆಯೂ ದಂಡವಾಗುವುದಿಲ್ಲ. ಗಾಜಿನ ನಾರು ಬಹಳ ಬಾಗಿದರೂ ಮುರಿಯದ್ದರಿಂದ ಸ್ಪ್ರಿಂಗಿಗೆ ಹೇಳಿ ಮಾಡಿಸಿದ ಹಾಗಿದೆ. ಆಮೇಲೆ ವೋಲ್ವೋ ಕೂಡ ಎಕ್ಸ್‌ಸಿ90 ಕಾರಿನ ಹಿಂದೆ ಇಂಥದ್ದೇ ಪಟ್ಟಿ ಹಾಕಿತು. ಗ್ಯಾಸ್ ಸಿಲಿಂಡರ್ ಕೂಡ ಇದೇ ಗುಂಪು. ಇಂಡೇನ್‌ನವರ ಹಗುರ ಕಾಂಪೋಸಿಟ್ ಸಿಲಿಂಡರ್ ನೋಡಿರಬಹುದು. ಒಳಗೆ ಪ್ಲಾಸ್ಟಿಕ್ ಸೀಸೆ, ಅದರ ಸುತ್ತ ರೆಸಿನ್‌ನಲ್ಲಿ ಅದ್ದಿದ ಗಾಜಿನ ನಾರು ಬುಗುರಿಗೆ ದಾರ ಸುತ್ತಿದ ಹಾಗೆ ಸುತ್ತಿರುತ್ತದೆ. ಒಳಗಿನ ಒತ್ತಡ ಎತ್ತ ತಳ್ಳುತ್ತದೋ ನಾರು ಅತ್ತಲೇ ಬಿಗಿದಿರುತ್ತದೆ. ಹೈಡ್ರೋಜನ್ ಕಾರು ಟೊಯೊಟಾ ಮಿರಾಯ್‌ನ 700 ಬಾರ್ ಒತ್ತಡದ ಟ್ಯಾಂಕಿಗೂ ಇದೇ ಉಪಾಯ, ಅಲ್ಲಿ ಕಾರ್ಬನ್ ನಾರು.

ಇನ್ನು ತುಕ್ಕು. ಗ್ಲಾಸ್ ಫೈಬರ್‌ಗೆ ತುಕ್ಕಿಲ್ಲ, ಒಪ್ಪಿದೆ. ಆದರೆ ನೀರು ಅದಕ್ಕೂ ಇಳಿಯುತ್ತದೆ. ಜೆಲ್‌ಕೋಟ್ ಕೆಳಗೆ ಗುಳ್ಳೆ ಏಳುವುದು, ಬಿಸಿಲಿಗೆ ಬಣ್ಣ ಸೀಮೆಸುಣ್ಣದ ಹಾಗೆ ಕೈಗೆ ಅಂಟುವುದು ದೋಣಿಯವರಿಗೆ ನಾನು ಹೇಳಬೇಕಾಗಿಲ್ಲ. ಕಾರ್ಬನ್ ಇನ್ನೂ ಬೇರೆ. ಅದರಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂಗೆ ತಾಗಿಸಿ ನಡುವೆ ಉಪ್ಪುನೀರು ಬಿದ್ದರೆ ಬ್ಯಾಟರಿಯ ಸೆಲ್ಲಿನ ಹಾಗೆ ಕೆಲಸ ಶುರುವಾಗಿ ಅಲ್ಯೂಮಿನಿಯಂ ಬೇಗ ಬೇಗ ತಿಂದುಹೋಗುತ್ತದೆ. ಅದಕ್ಕೇ ಎರಡರ ನಡುವೆ ಗಾಜಿನ ನಾರಿನ ಒಂದು ಪದರವನ್ನೋ ಅಂಟನ್ನೋ ಇಡುತ್ತಾರೆ. ಕರಾವಳಿಯ ಗಾಳಿಗೆ ಕಾರ್ಬನ್ ಕಾರು ತಾನಾಗಿಯೇ ಮದ್ದು ಅಂತ ಅಂದುಕೊಳ್ಳಬೇಡಿ.

ಈಗ ನಿಮ್ಮ ಕಾರಿಗೆ ಬರೋಣ. ತುಕ್ಕು ಹಿಡಿದ ತಳಕ್ಕೆ ಮ್ಯಾಟ್ ಹಾಕಿದರೆ ಏನಾಗುತ್ತದೆ? ನಿಮ್ಮ ಕಾರಿನ ತಳ, ಬಾಗಿಲ ಕೆಳಗಿನ ಟೊಳ್ಳು ಪಟ್ಟಿ, ಇವೇ ಷಾಸಿಯ ಕೆಲಸ ಮಾಡುತ್ತವೆ. ಅಲ್ಲಿದ್ದ ಉಕ್ಕಿನ ಬಿಗಿತ 210 ಗಿಗಾಪಾಸ್ಕಲ್. ಕೈಯಲ್ಲಿ ಹಾಸಿದ ಮ್ಯಾಟ್‌ನ ಬಿಗಿತ 7ರ ಆಸುಪಾಸು. ಅದರಲ್ಲಿ ನಾರು ದಿಕ್ಕಿಲ್ಲದೆ ಚೆಲ್ಲಿರುತ್ತದೆ, ರೆಸಿನ್ನೇ ಜಾಸ್ತಿ. ಅಷ್ಟೇ ದಪ್ಪಕ್ಕೆ ಮೂವತ್ತನೇ ಒಂದು ಪಾಲು ಬಿಗಿತ! ಪಾಲಿಯೆಸ್ಟರ್ ಉಕ್ಕಿಗೆ ಅಷ್ಟಾಗಿ ಹಿಡಿಯುವುದಿಲ್ಲ, ತುಕ್ಕಿಗಂತೂ ಇಲ್ಲವೇ ಇಲ್ಲ. ಅದು ತುಕ್ಕಿನ ಚಕ್ಕೆಗೆ ಅಂಟುತ್ತದೆ, ಚಕ್ಕೆ ಉದುರಿದಾಗ ಜೊತೆಗೇ ಬಿಡುತ್ತದೆ. ಬಿಸಿಲಿಗೆ ಎರಡೂ ಬೇರೆ ಬೇರೆ ಅಳತೆಗೆ ಹಿಗ್ಗುವುದರಿಂದ ಅಂಚು ಬಿಟ್ಟು, ಸಂದಿಗೆ ನೀರು ಇಳಿದು, ಒಳಗೆ ಕಾಣದಂತೆ ತುಕ್ಕು ಇನ್ನೂ ಜೋರಾಗಿ ತಿನ್ನುತ್ತದೆ. ಹೊರಗಿನಿಂದ ಮಾತ್ರ ನುಣ್ಣಗೆ, ಗಟ್ಟಿಯಾಗಿ ಕಾಣುತ್ತದೆ. ನನಗೆ ಭಯ ಅದೇ.

ದೋಣಿಯವರ ಕೈಕೆಲಸದಲ್ಲಿ ತಪ್ಪಿಲ್ಲ, ಆ ಜಾಗ ಅದಕ್ಕೆ ಸೇರಿದ್ದಲ್ಲ. ಬಂಪರಿಗೂ ಮ್ಯಾಟ್ ಹಾಕಿಸಬೇಡಿ. ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅದಕ್ಕೆ ಈ ರೆಸಿನ್ ಹಿಡಿಯುವುದೇ ಇಲ್ಲ. ಪ್ಲಾಸ್ಟಿಕ್ ಬೆಸುಗೆ ಮಾಡುವವರು ಬೇರೆ ಇರುತ್ತಾರೆ.

ತಳಕ್ಕೆ ಒಳ್ಳೆ ಗ್ಯಾರೇಜಿನಲ್ಲಿ ತುಕ್ಕಿನ ಭಾಗವನ್ನು ಚೆನ್ನಾಗಿರುವ ಉಕ್ಕು ಸಿಗುವವರೆಗೂ ಕತ್ತರಿಸಿ ತೆಗೆಸಿ. ಅಷ್ಟೇ ದಪ್ಪದ ಹೊಸ ಹಾಳೆ ಬೆಸುಗೆ ಹಾಕಿಸಿ. ಮೇಲೆ ಸತುವಿನ ಪ್ರೈಮರ್, ಜೋಡಣೆಗೆ ಸೀಲರ್, ಆಮೇಲೆ ಅಡಿಭಾಗದ ಕೋಟಿಂಗ್. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯ ಒಳಗೆ ಮೇಣದಂಥ ದ್ರವ ಸಿಂಪಡಿಸಲು ಮರೆಯದೆ ಹೇಳಿ, ತುಕ್ಕು ಶುರುವಾಗುವುದು ಹೆಚ್ಚಾಗಿ ಒಳಗಿನಿಂದಲೇ. ಅಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ, ಕೋಟಿಂಗ್ ಹಾಕುವಾಗ ಅವು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಕಡಲ ತೀರಕ್ಕೆ ಹೋಗಿ ಬಂದ ಮೇಲೆ ಅಡಿಭಾಗವನ್ನು ಸಿಹಿನೀರಲ್ಲಿ ತೊಳೆಯಿರಿ. ಗ್ಯಾರೇಜಿಗೆ ಹೋಗುವವರೆಗೆ ಒಂದು ಕೆಲಸ ಮಾಡಿ. ಜ್ಯಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಒತ್ತಿ ನೋಡಿ. ತುದಿ ಒಳಗೆ ಇಳಿದರೆ ಅಲ್ಲಿ ಜ್ಯಾಕ್ ಇಟ್ಟು ಕಾರು ಎತ್ತಬೇಡಿ, ದೂರದ ಓಡಾಟಕ್ಕೂ ತೆಗೆಯಬೇಡಿ.